ಮೊದಲು ಊಟ, ಆಮೇಲೆ ನೀರು

"ಇದು ಬ್ಯಾಟರಿ ಅಲ್ಲ ಸಾರ್, ಬಾವಿ," ಎಂದಳು ಮೀಟರಮ್ಮ.

ಅವಳ ಕೈಯಲ್ಲಿದ್ದ ಗಾಜಿನ ಕೊಳವೆಯೊಳಗೆ ತೇಲುಗುಂಡು ತಳ ಹಿಡಿದು ಕೂತಿತ್ತು. ಬ್ಯಾಟರಿಯ ಆಸಿಡ್ ಗಟ್ಟಿಯಾಗಿದ್ದರೆ ಗುಂಡು ಮೇಲೆ ತೇಲುತ್ತದೆ, ತೆಳುವಾದಷ್ಟೂ ಮುಳುಗುತ್ತದೆ. ಎರಡು ಬ್ಯಾಟರಿ, ಹನ್ನೆರಡು ಮುಚ್ಚಳ. ಹನ್ನೆರಡನ್ನೂ ತಿರುಗಿಸಿ ತೆಗೆದು, ಹನ್ನೆರಡರಲ್ಲೂ ಕೊಳವೆ ಇಳಿಸಿ ನೋಡಿದ್ದಳು. ಎಲ್ಲದರಲ್ಲೂ ಗುಂಡಿನದು ಒಂದೇ ಗತಿ.

"ಸತ್ತ ಬ್ಯಾಟರಿ ಸತ್ತಿದೆ ಅನ್ನೋದಕ್ಕೆ ಇಷ್ಟೆಲ್ಲಾ ಪೂಜೆ ಬೇಕಾ ಅಮ್ಮಾ?" ಇನ್ಸ್‌ಪೆಕ್ಟರ್ ವ್ಯಾನಿನ ಬಾಗಿಲಿಗೆ ಒರಗಿ ಗಡಿಯಾರ ನೋಡಿಕೊಂಡ. "ಈಗ ಎರಡೂವರೆ. ನೀವು ಹಿರಿಯರು, ಮೂವತ್ತು ವರ್ಷ ಕರೆಂಟ್ ಮೀಟರ್ ಪರೀಕ್ಷೆ ಮಾಡಿದೋರು, ಕೇಳಿದ್ರಿ ಅಂತ ಬಂದೆ. ನಾಲ್ಕು ಗಂಟೆಗೆ ನಿಮ್ಮ ತಮ್ಮನ್ನ ಠಾಣೆಗೆ ಕರ್ಕೊಂಡು ಹೋಗ್ತೀನಿ. ಅದರಲ್ಲಿ ಬದಲಾವಣೆ ಇಲ್ಲ."

ಶನಿವಾರ ಬೆಳಿಗ್ಗೆ ಇದೇ ಮನೆವ್ಯಾನಿನ ಮಂಚದ ಮೇಲೆ ಭೂಗೋಳದ ಮೇಷ್ಟ್ರು ಎಚ್ಚರ ತಪ್ಪಿ ಸಿಕ್ಕಿದ್ದರು. ಹೀಟರಿನ ಹೊಗೆಕೊಳವೆ ಕಟ್ಟಿಕೊಂಡು ಒಳಗೆಲ್ಲಾ ವಿಷಗಾಳಿ ತುಂಬಿದ್ದರೂ, ಕೂಗಿ ಎಬ್ಬಿಸಬೇಕಾದ ಎಚ್ಚರಿಕೆ ಗಂಟೆ ಉಸಿರೆತ್ತಿರಲಿಲ್ಲ. ಗಂಟೆಗೆ ಕರೆಂಟು ಕೊಡುವ ಬ್ಯಾಟರಿ ಸತ್ತಿತ್ತು. ಆ ಬ್ಯಾಟರಿಯನ್ನು ಸೋಮವಾರ ತಾನೇ ಸರ್ವಿಸ್ ಮಾಡಿಕೊಟ್ಟವನು ಮೀಟರಮ್ಮನ ಒಬ್ಬನೇ ತಮ್ಮ.

ಇಂದು ಭಾನುವಾರ. ಮೇಷ್ಟ್ರು ಇನ್ನೂ ಕಣ್ಣು ಬಿಟ್ಟಿರಲಿಲ್ಲ.

"ಅವರ ಡೈರಿ ನೋಡಿದ್ದೀರಲ್ಲ," ಇನ್ಸ್‌ಪೆಕ್ಟರ್ ಮುಂದುವರಿಸಿದ. "ಶುಕ್ರವಾರ ಏನು ಬರೆದಿದ್ದಾರೆ? 'ದೀಪ ಮಂದ. ನಾಳೆ ಬ್ಯಾಟರಿಯವನಿಗೆ ಹೇಳಬೇಕು.' ನಾಲ್ಕು ದಿನಕ್ಕೇ ಕೈ ಕೊಡೋ ಸರ್ವಿಸ್ಸಿಗೆ ಏನನ್ನಬೇಕು? ಕೈ ತೊಳ್ಕೊಂಡ ಕೆಲಸ, ಅಷ್ಟೇ."

ಮೀಟರಮ್ಮನಿಗೆ ಸಿಟ್ಟು ನೆತ್ತಿಗೇರಿತು. ತಮ್ಮನನ್ನು ಸೋಮಾರಿ ಎನ್ನಲಿ, ಮರೆಗುಳಿ ಎನ್ನಲಿ, ಊಟಕ್ಕೆ ಕೂತರೆ ಏಳದವನು ಎನ್ನಲಿ, ಅವಳೇ ದಿನಕ್ಕೆ ಹತ್ತು ಸಲ ಅನ್ನುತ್ತಾಳೆ. ಆದರೆ ಬ್ಯಾಟರಿಯ ವಿಷಯದಲ್ಲಿ ಅವನದು ಅಪ್ಪನ ಕೈ. ಕೈ ತೊಳ್ಕೊಂಡ ಕೆಲಸ ಎಂಬ ಮಾತನ್ನು ಮಾತ್ರ ಅವಳಿಂದ ತಡೆದುಕೊಳ್ಳಲಾಗಲಿಲ್ಲ.

"ಬನ್ನಿ ಇಲ್ಲಿ. ಬಗ್ಗಿ ನೋಡಿ," ಎಂದಳು. ಇನ್ಸ್‌ಪೆಕ್ಟರ್ ಪ್ಯಾಂಟಿನ ಇಸ್ತ್ರಿಯ ಬಗ್ಗೆ ಒಂದು ಗಳಿಗೆ ಯೋಚಿಸಿ, ಬಗ್ಗಿದ. "ಸೋಮವಾರ ಇದರ ಲೆಕ್ಕ ಪೂರ್ತಿ ಸರಿ ಇತ್ತು. ತಮ್ಮ ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದಾನೆ, ನೋಡಿ, ಅರ್ಧ ಅಳಿಸಿದೆ. ಸರಿ, ಆಮೇಲೆ ಬ್ಯಾಟರಿ ಖಾಲಿ ಆಯ್ತು ಅಂತಿಟ್ಕೊಳಿ. ಖಾಲಿ ಆದ್ರೆ ಆಸಿಡ್ ತೆಳು ಆಗುತ್ತೆ, ಒಪ್ಪಿದೆ. ಆದ್ರೆ ನೀರು ಮೇಲಕ್ಕೆ ಏರುತ್ತಾ? ಇಲ್ಲಿ ಬಾಯಿ ಮಟ್ಟ ತುಂಬಿದೆ."

"ನಿಮ್ಮ ತಮ್ಮನೇ ಜಾಸ್ತಿ ಹಾಕಿರಬಹುದು."

"ಆಯ್ತು. ಈ ತಟ್ಟೆ ನೋಡಿ."

ಬ್ಯಾಟರಿ ಕೂರಿಸಿದ್ದ ತಗಡಿನ ತಟ್ಟೆಯ ಅಂಚಿನುದ್ದಕ್ಕೂ ಬಿಳಿಯ ಹುಡಿ ಕಟ್ಟಿತ್ತು. ಅದರ ಕೆಳಗಿನ ಹಲಗೆ ಕಪ್ಪಾಗಿ, ಉಗುರು ಒತ್ತಿದರೆ ಪುಡಿಯಾಗುವಂತಿತ್ತು.

"ಆಸಿಡ್ ಉಕ್ಕಿ ಹರಿದಿದೆ. ಒಂದು ಸಲ ಅಲ್ಲ, ತುಂಬಾ ಸಲ. ನಮ್ಮಪ್ಪ ಅಂಗಡಿ ಗೋಡೆ ಮೇಲೆ ದಪ್ಪಕ್ಷರದಲ್ಲಿ ಬರೆಸಿದ್ರು: ಮೊದಲು ಊಟ, ಆಮೇಲೆ ನೀರು. ಊಟ ಅಂದ್ರೆ ಚಾರ್ಜು. ಬ್ಯಾಟರಿಗೆ ಪೂರ್ತಿ ಚಾರ್ಜ್ ಉಣ್ಣಿಸಿ, ಅದು ತಣ್ಣಗಾದ ಮೇಲೆ ಗುರುತಿನವರೆಗೆ ನೀರು ಹಾಕಬೇಕು. ಮೊದಲೇ ನೀರು ತುಂಬಿಸಿ ಚಾರ್ಜಿಗೆ ಹಾಕಿದ್ರೆ ಒಳಗಿಂದ ಗುಳ್ಳೆ ಎದ್ದು ಆಸಿಡ್ಡೇ ಹೊರಗೆ ಹೋಗುತ್ತೆ. ಉಳಿಯೋದು ನೀರು. ಮೇಲ್ನೋಟಕ್ಕೆ ಬ್ಯಾಟರಿ, ಒಳಗೆ ಬಾವಿ."

"ಯಾರೋ ತಿಳೀದೋರು ಮಾಡಿದ್ದಾರೆ ಅಂತೀರಾ?"

"ಯಾರೋ ಮಾಡಿದ್ದಾರೆ. ಸೋಮವಾರದಿಂದ ಈಚೆಗೆ. ತಿಳೀದೋರೋ ತಿಳಿದೋರೋ, ಅದು ಆಮೇಲೆ."

ಇನ್ಸ್‌ಪೆಕ್ಟರ್ ಮೊದಲ ಸಲ ಗಡಿಯಾರ ನೋಡುವುದನ್ನು ಬಿಟ್ಟು ಬ್ಯಾಟರಿ ಪೆಟ್ಟಿಗೆಯ ಬೀಗ ನೋಡಿದ. ಬೀಗ ಒಡೆದಿರಲಿಲ್ಲ. ಅದಕ್ಕೆ ಎರಡೇ ಕೀಲಿ: ಒಂದು ಮೇಷ್ಟ್ರ ಗೊಂಚಲಿನಲ್ಲಿ, ಇನ್ನೊಂದು, ಮೇಷ್ಟ್ರೇ ಕೊಟ್ಟಿಟ್ಟದ್ದು, ಇಂಥ ವ್ಯಾನುಗಳು ಬಂದು ನಿಲ್ಲುವ ಈ ತಂಗುದಾಣದ ಆಫೀಸಿನ ಮೊಳೆಯಲ್ಲಿ.

ಮೇಷ್ಟ್ರ ಗೊಂಚಲು ಈಗ ಅವರ ಮಗಳ ಕೈಯಲ್ಲಿತ್ತು. ಅವಳು ಹತ್ತು ಹೆಜ್ಜೆ ದೂರದಲ್ಲಿ, ಪಕ್ಕದ ಖಾಲಿ ಜಾಗದಲ್ಲಿ ನಿಂತು ಆ ಗೊಂಚಲನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ಆಸ್ಪತ್ರೆಯಲ್ಲಿ ರಾತ್ರಿಯಿಡೀ ಕೂತು ಬಂದವಳ ಮುಖ.

"ಈ ತಗಡಿನ ಡಬ್ಬ ಮಾರಿ ಮನೇಲಿ ಕೂತ್ಕೊಳಿ ಅಂತ ಎಷ್ಟು ಸಲ ಹೇಳಿದೆ," ಎಂದಳು, ಯಾರೂ ಕೇಳದಿದ್ದರೂ. "ಜಗತ್ತಿನ ನಕ್ಷೆ ಬರೆದು ಬರೆದು ಮಕ್ಕಳಿಗೆ ತೋರಿಸಿದ್ದಾಯ್ತು, ಇನ್ನು ನಾನೇ ನೋಡ್ಬೇಕು ಅಂತ ಹೊರಟರು. ಆ ಗಂಟೆಯೊಂದಿದೆ, ಹೆದರಬೇಡ ಅಂತಿದ್ರು. ಒಂದು ದಿನ ಇದು ಕೆಟ್ಟು ಕೂತರೆ ಆಗ ಬರ್ತೀರಿ ಅಂತ ಬೈದಿದ್ದೆ."

ಇನ್ಸ್‌ಪೆಕ್ಟರ್ ಹುಬ್ಬೇರಿಸಿ ಮೀಟರಮ್ಮನ ಕಡೆ ನೋಡಿದ. ಕೀಲಿ ಇದೆ, ಕೋಪ ಇದೆ, ವ್ಯಾನು ಕೆಟ್ಟು ಕೂರಲಿ ಎಂಬ ಆಸೆಯೂ ಇದೆ. ಇನ್ನೇನು ಬೇಕು?

ಮೀಟರಮ್ಮ ಅವಳ ಮಾತಿಗಿಂತ ಅವಳ ಬಟ್ಟೆಯನ್ನು ನೋಡಿದಳು; ಎಲ್ಲೂ ತೂತಿರಲಿಲ್ಲ. ಬ್ಯಾಟರಿಯವರ ಮನೆಯಲ್ಲಿ ಹುಟ್ಟಿದವರಿಗೆ ಒಂದು ವಿಷಯ ಹಾಲು ಕುಡಿಯುವಾಗಲೇ ಗೊತ್ತಿರುತ್ತದೆ. ಆಸಿಡ್ ಸಿಡಿದ ಹತ್ತಿಬಟ್ಟೆ ಆವತ್ತಿಗೆ ಏನೂ ಆಗದಂತೆ ಸುಮ್ಮನಿರುತ್ತದೆ. ಒಗೆದ ಮೇಲೆ ಜರಡಿಯಾಗುತ್ತದೆ. ಅವಳಮ್ಮ ಅಪ್ಪನ ಅಂಗಿಗಳನ್ನು ಹಗ್ಗದ ಮೇಲೆ ಹರವಿ, ತೂತು ಎಣಿಸಿ, ಇವತ್ತು ಎಷ್ಟು ಬ್ಯಾಟರಿ ಬಂದಿದ್ದವೆಂದು ಹೇಳುತ್ತಿದ್ದಳು.

ಹಗ್ಗ ಎಂದುಕೊಂಡ ಕೂಡಲೇ ಅವಳು ತಿರುಗಿ ನೋಡಿದಳು.

ತಂಗುದಾಣದ ಆಫೀಸಿನ ಹಿಂದೆ ಮೇಲ್ವಿಚಾರಕನ ಒಂದು ಕೋಣೆಯ ಮನೆ. ಮುಂದೆ ಬಟ್ಟೆ ಒಣಹಾಕಿತ್ತು. ಮೂರು ಅಂಗಿ, ಎರಡು ಟವೆಲ್, ಒಂದು ಖಾಕಿ ಪ್ಯಾಂಟು. ಪ್ಯಾಂಟಿನ ಎರಡೂ ಮಂಡಿಯಿಂದ ಮಧ್ಯಾಹ್ನದ ಬಿಸಿಲು ಚುಕ್ಕಿಚುಕ್ಕಿಯಾಗಿ ತೂರಿ ಬರುತ್ತಿತ್ತು.

* * *

ಮೇಲ್ವಿಚಾರಕ ಐವತ್ತರ ಆಸುಪಾಸಿನ ಸಣಕಲ. ಬರುವ ವ್ಯಾನು, ಹೋಗುವ ವ್ಯಾನು, ಬಂದ ಫೋನು, ನಲ್ಲಿಯಲ್ಲಿ ನೀರು ಬಂದ ಹೊತ್ತು, ಎಲ್ಲವನ್ನೂ ಉದ್ದನೆಯ ಪುಸ್ತಕದಲ್ಲಿ ಬರೆದಿಡುವ ಶಿಸ್ತಿನವನು. ಬೆಳಿಗ್ಗೆ ಮೀಟರಮ್ಮ ಬಂದು, "ನಾನು ಬ್ಯಾಟರಿಯವನ ಅಕ್ಕ," ಎಂದಾಗ ಅವನು ಕೀಲಿಯನ್ನು ಅವಳ ಅಂಗೈಯಲ್ಲಿಟ್ಟು, ಅತ್ತಿತ್ತ ನೋಡಿ, "ನಾನು ಯಾರಿಗೂ ಹೇಳಿಲ್ಲಮ್ಮಾ," ಎಂದು ಪಿಸುಗುಟ್ಟಿದ್ದ. ತಮ್ಮನನ್ನು ಹಿಡಿದುಕೊಂಡು ಹೋಗುವ ಸುದ್ದಿ ಊರಿಗೆಲ್ಲಾ ಹಬ್ಬದಿರಲೆಂದು ಹೇಳುತ್ತಿದ್ದಾನೆ, ಒಳ್ಳೆಯವನು, ಎಂದುಕೊಂಡಿದ್ದಳು.

ಈಗ ಅವಳು ಆ ಪ್ಯಾಂಟನ್ನು ಅವನ ಮೇಜಿನ ಮೇಲೆ ಹರವಿದಳು. ಇನ್ನೂ ಸ್ವಲ್ಪ ತೇವವಿತ್ತು. ಇನ್ಸ್‌ಪೆಕ್ಟರ್ ಬಾಗಿಲಲ್ಲಿ ನಿಂತ.

"ಇಲಿ ಕಡಿದಿದೆ," ಎಂದ ಮೇಲ್ವಿಚಾರಕ.

"ನಾನು ಏನಾಯ್ತು ಅಂತ ಕೇಳೇ ಇಲ್ವಲ್ಲ," ಎಂದಳು ಮೀಟರಮ್ಮ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವನು ಮಂಡಿ ಮುಟ್ಟಿಕೊಂಡ.

"ಇಲಿ ಎರಡು ಮಂಡಿಗೂ ಒಂದೇ ಎತ್ತರದಲ್ಲಿ ಕಡಿಯುತ್ತಾ? ನೀವು ಬ್ಯಾಟರಿ ಪೆಟ್ಟಿಗೆ ಮುಂದೆ ಮಂಡಿ ಊರಿ ಕೂತಿದ್ರಿ. ಉಕ್ಕಿದ್ದು ಕೆಳಗೆ ಹರಿದಿತ್ತು. ಯಾವತ್ತು ಒಗೆದ್ರಿ ಇದನ್ನ?"

"ಇವತ್ತು ಬೆಳಿಗ್ಗೆ."

"ಹಾಕ್ಕೊಂಡಿದ್ದು ಯಾವತ್ತು?"

ಅವನು ಪ್ಯಾಂಟನ್ನು ಮಡಚಿಡಲು ಕೈ ಚಾಚಿದ.

"ನೋಡಿ," ಮೀಟರಮ್ಮ ಸ್ಟೂಲು ಎಳೆದುಕೊಂಡು ಎದುರಿಗೆ ಕೂತಳು. "ನಾಲ್ಕು ಗಂಟೆಗೆ ನನ್ನ ತಮ್ಮ ಜೈಲಿಗೆ ಹೋಗ್ತಾನೆ. ಮಾಡದ ತಪ್ಪಿಗೆ. ಮೇಷ್ಟ್ರು ಕಣ್ಣು ಬಿಡದೇ ಹೋದ್ರೆ ಕೊಲೆಗಾರ ಅನ್ನಿಸ್ಕೋತಾನೆ. ನಮ್ಮಪ್ಪ ಕಟ್ಟಿದ ಅಂಗಡಿಗೆ ಯಾವನೂ ಕಾಲಿಡಲ್ಲ. ನಿಮಗೆ ಮೇಷ್ಟ್ರ ಮೇಲೆ ಏನಾದ್ರೂ ದ್ವೇಷ ಇತ್ತಾ?"

"ಅಯ್ಯೋ, ದೇವರಾಣೆ ಇಲ್ಲಮ್ಮ!" ಅವನ ಕಣ್ಣು ತುಂಬಿಬಂತು. "ದಿನಾ ಸಂಜೆ ನನ್ನ ಜೊತೆ ಚದುರಂಗ ಆಡ್ತಿದ್ರು. ಬೇಕಂತ ಸೋಲ್ತಿದ್ರು."

"ಮತ್ತೆ ಅವರ ಬ್ಯಾಟರೀಗೆ ಯಾಕೆ ನೀರು ಹಾಕಿದ್ರಿ?"

ಇನ್ಸ್‌ಪೆಕ್ಟರ್ ಒಂದು ಹೆಜ್ಜೆ ಒಳಗೆ ಬಂದ. ಮೇಲ್ವಿಚಾರಕ ಅವನನ್ನು ನೋಡಿದ, ಮೀಟರಮ್ಮನನ್ನು ನೋಡಿದ. ಅವನ ನೋಟದಲ್ಲಿ ಹೆದರಿಕೆಯ ಜೊತೆಗೆ ಇನ್ನೊಂದೂ ಇತ್ತು. ನೀನೇ ಹೀಗೆ ಕೇಳುವುದೇ ಎಂಬ ಬೆರಗು. ಮೀಟರಮ್ಮನಿಗೆ ಅದು ಆಗ ಅರ್ಥವಾಗಲಿಲ್ಲ.

"ಇಲ್ಲಿ ಬಂದು ತಂಗೋರ ಗಾಡಿ ಮುಟ್ಟಬಾರದು ಅಂತ ರೂಲಿದೆ," ಎಂದ ಸಣ್ಣ ದನಿಯಲ್ಲಿ. "ಗೊತ್ತಾದ್ರೆ ಕೆಲಸ ಹೋಗುತ್ತೆ. ಕೆಲಸ ಹೋದ್ರೆ ಈ ಕೋಣೇನೂ ಹೋಗುತ್ತೆ. ಅದಕ್ಕೇ ಬಾಯಿ ಬಿಡಲಿಲ್ಲ. ಗುರುವಾರ ಮೇಷ್ಟ್ರು ಹಗಲೆಲ್ಲಾ ಲೈಬ್ರರೀಲಿದ್ರು. ಆಗ ಹಾಕ್ದೆ."

"ನಿಮಗೆ ನೀವೇ ತೋಚಿ?"

"ಇಲ್ಲ. ಹಾಕಿ ಅಂತ ಹೇಳಿದ್ರು. ಫೋನಲ್ಲಿ."

"ಏನಂತ ಹೇಳಿದ್ರು? ಒಂದೊಂದೇ ಮಾತು ಹೇಳಿ."

"ಸೋಮವಾರ ಬ್ಯಾಟರೀಗೆ ನೀರು ಹಾಕೋದು ಮರೆತುಹೋಗಿದೆ, ಒಳಗಿನ ಪ್ಲೇಟು ಸುಟ್ಟುಹೋಗುತ್ತೆ, ಮೇಷ್ಟ್ರು ಬರೋದ್ರೊಳಗೆ ಬಾಯಿ ಮಟ್ಟ ನೀರು ತುಂಬಿಸಿ, ಆಮೇಲೆ ಆಫೀಸಿನ ದೊಡ್ಡ ಚಾರ್ಜರ್ ಹಚ್ಚಿ ಅಂದ್ರು. ಉಕ್ಕುತ್ತೆ, ಹೆದರಬೇಡಿ, ಒರೆಸಿಬಿಟ್ಟು ಮತ್ತೆ ತುಂಬಿಸಿ, ಮತ್ತೆ ಹಚ್ಚಿ ಅಂದ್ರು. ಸಂಜೆ ಒಳಗೆ ಮೂರು ಸಲ ತುಂಬಿಸ್ದೆ. ಮೇಷ್ಟ್ರಿಗೆ ಹೇಳಬೇಡಿ, ಅಂಗಡಿ ಮರ್ಯಾದೆ ಪ್ರಶ್ನೆ ಅಂದ್ರು. ಉಪಕಾರ ಅಂದ್ಕೊಂಡು ಮಾಡ್ದೆನಮ್ಮ. ಅವರ ಜೀವಕ್ಕೇ ಬರುತ್ತೆ ಅಂತ ನನಗೇನು ಗೊತ್ತು?"

ಮೀಟರಮ್ಮ ಆ ಮಾತುಗಳನ್ನು ಒಂದೊಂದಾಗಿ ತೂಗಿದಳು.

ತಿಳಿಯದವರು ಒಂದು ಸಲ ತಪ್ಪು ಮಾಡುತ್ತಾರೆ. ಉಕ್ಕುತ್ತದೆ ಎಂದು ಮೊದಲೇ ಹೇಳಬೇಕಾದರೆ ಉಕ್ಕುವುದು ಗೊತ್ತಿರಬೇಕು. ಮತ್ತೆ ತುಂಬಿಸು, ಮತ್ತೆ ಉಕ್ಕಿಸು ಎನ್ನಬೇಕಾದರೆ ಆಸಿಡ್ ಎಲ್ಲಿಗೆ ಹೋಗುತ್ತದೆ ಎಂಬುದೂ ಗೊತ್ತಿರಬೇಕು. ಇದು ಅಪ್ಪನ ಗೋಡೆಬರಹವನ್ನು ಓದದವರ ಕೆಲಸವಲ್ಲ. ದಿನಾ ಓದಿ ಬಾಯಿಪಾಠ ಮಾಡಿಕೊಂಡು, ತಿಳಿದೂ ತಿಳಿದೂ ತಲೆಕೆಳಗು ಮಾಡಿದವರ ಕೆಲಸ.

ಅಷ್ಟೇ ಅಲ್ಲ. ಮೇಷ್ಟ್ರ ಹೀಟರ್ ಕೆಟ್ಟಿರುವುದೂ ಆ ಫೋನು ಮಾಡಿದವರಿಗೆ ಗೊತ್ತಿರಬೇಕು. ಸೋಮವಾರ ಅಂಗಡಿಯಲ್ಲಿ ಮೇಷ್ಟ್ರು ನಗುನಗುತ್ತಾ ಹೇಳಿದ್ದರಂತೆ: ಹೊಗೆಕೊಳವೆಯಲ್ಲಿ ಹಕ್ಕಿ ಗೂಡು ಕಟ್ಟಿದೆ, ಎರಡು ಸಲ ಆ ಗಂಟೆಯೇ ಕಾಪಾಡಿತು, ಮುಂದಿನ ವಾರ ಕೊಳವೆ ತೆಗೆಸಬೇಕು. ತಮ್ಮ ಇಂದು ಬೆಳಿಗ್ಗೆ ಅದನ್ನು ಹೇಳುವಾಗ ಮೀಟರಮ್ಮ ಕೇಳಿದ್ದಳು, "ಆಗ ಅಂಗಡೀಲಿ ಇನ್ನ್ಯಾರಿದ್ರು?" ಎಂದು.

"ಯಾರೂ ಇಲ್ಲ ಅಕ್ಕ. ಇವಳು ಟೀ ತಂದಿದ್ಲು, ಅಷ್ಟೇ."

ಇವಳು ಎಂದರೆ ತಮ್ಮನ ಹೆಂಡತಿ.

"ಫೋನು ಯಾವಾಗ ಬಂತು?" ಇನ್ಸ್‌ಪೆಕ್ಟರ್ ಈಗ ಜೇಬಿನಿಂದ ಪುಸ್ತಕ ತೆಗೆದಿದ್ದ.

"ಬರೆದಿಟ್ಟಿದ್ದೀನಿ ಸಾರ್."

"ಯಾವ ನಂಬರಿಂದ?"

"ಬ್ಯಾಟರಿ ಅಂಗಡಿ ನಂಬರೇ. ನಮ್ಮ ಫೋನಲ್ಲಿ ಹೆಸರು ಬರುತ್ತೆ."

"ಅದು ಹೇಗಾಗುತ್ತೆ?" ಎಂದಳು ಮೀಟರಮ್ಮ ತಟ್ಟನೆ. "ಗುರುವಾರ ತಮ್ಮ ಊರಲ್ಲೇ ಇರಲಿಲ್ಲ. ಹಳೇ ಬ್ಯಾಟರಿ ತರೋಕೆ ಹೋಗಿದ್ದ. ಅಂಗಡಿಗೆ ಬೀಗ ಹಾಕಿತ್ತು."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಅಂಗಡಿಯ ಬೀಗಕ್ಕೂ ಕೀಲಿಗಳಿವೆ. ಒಂದು ತಮ್ಮನ ಜೇಬಿನಲ್ಲಿ. ಒಂದು ತಮ್ಮನ ಮನೆಯ ಅಡುಗೆಮನೆಯ ಮೊಳೆಯಲ್ಲಿ. ಮೂರನೆಯದು, ಅಪ್ಪನದು, ಅವಳ ಸೊಂಟದ ಚೀಲದಲ್ಲೇ ಇತ್ತು.

ಮೇಲ್ವಿಚಾರಕ ಉದ್ದನೆಯ ಪುಸ್ತಕದ ಹಾಳೆ ತಿರುವಿದ. ಗುರುವಾರದ ಹಾಳೆ ಬಂದಾಗ ಅದನ್ನು ಇನ್ಸ್‌ಪೆಕ್ಟರಿನ ಕಡೆಗೆ ತಿರುಗಿಸದೆ, ಕೈ ಅಡ್ಡ ಇಟ್ಟುಕೊಂಡು, ಮೀಟರಮ್ಮನ ಮುಖವನ್ನೇ ನೋಡಿದ.

"ತೋರಿಸಲಾ ಅಮ್ಮಾ?"

"ನನ್ನನ್ನೇನು ಕೇಳ್ತೀರಿ? ತೋರಿಸಿ!"

"ನೀವು ಬೆಳಿಗ್ಗೆ ಬಂದಾಗ ನನ್ನ ಬಾಯಿ ಮುಚ್ಚಿಸೋಕೆ ಬಂದ್ರಿ ಅಂದ್ಕೊಂಡೆ. ಈಗ ನೋಡಿದ್ರೆ ನೀವೇ ಪೊಲೀಸಿನವರನ್ನ ಕರ್ಕೊಂಡು ಬಂದು ಕೇಳ್ತಿದ್ದೀರಿ. ನನಗೆ ತಲೆಬುಡ ತಿಳೀತಿಲ್ಲ." ಅವನು ಕೈ ತೆಗೆದ.

ದುಂಡನೆಯ ಅಕ್ಷರದಲ್ಲಿ ಬರೆದಿತ್ತು: ಗುರುವಾರ, 11.10. ಬ್ಯಾಟರಿ ಅಂಗಡಿಯಿಂದ ಫೋನು. ಮಾತಾಡಿದವರು: ಮೀಟರಮ್ಮ.

ಮೀಟರಮ್ಮ ಆ ಸಾಲನ್ನು ಎರಡು ಸಲ ಓದಿದಳು.

"'ನಾನು ಮೀಟರಮ್ಮ, ಬ್ಯಾಟರಿಯವನ ಅಕ್ಕ,' ಅಂದ್ರಿ," ಮೇಲ್ವಿಚಾರಕ ತಪ್ಪೊಪ್ಪಿಕೊಳ್ಳುವವನಂತೆ ಹೇಳಿದ. "ದನಿ ಸ್ವಲ್ಪ ನೆಗಡಿ ಆದ ಹಾಗಿತ್ತು. ನಿಮ್ಮನ್ನ ನಾನು ಮುಂಚೆ ನೋಡಿರಲಿಲ್ಲ. ಆದ್ರೆ ನಿಮ್ಮ ಮಾತು ಯಾರು ತೆಗೆದುಹಾಕ್ತಾರೆ? ಬ್ಯಾಟರಿ ವಿಷಯದಲ್ಲಿ ಈ ಊರಲ್ಲಿ ನಿಮಗಿಂತ ತಿಳಿದೋರು ಯಾರಿದ್ದಾರೆ?"

ಇನ್ಸ್‌ಪೆಕ್ಟರ್ ಪೆನ್ನಿನ ಮುಚ್ಚಳ ತೆಗೆದ. ಅವನ ದನಿಯಲ್ಲಿದ್ದ ಸಲಿಗೆ ಹಾರಿಹೋಗಿತ್ತು.

"ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ನೀವು ಎಲ್ಲಿದ್ರಿ?"

ಎಲ್ಲಿದ್ದಳು? ತನ್ನ ಮನೆಯಲ್ಲಿ, ಕಣ್ಣಿಗೆ ಔಷಧಿ ಹಾಕಿಕೊಂಡು, ಕಿಟಕಿ ಮುಚ್ಚಿಕೊಂಡು, ಒಬ್ಬಳೇ. ಮಧ್ಯಾಹ್ನ ಒಂದಕ್ಕೆ ತಮ್ಮನ ಹೆಂಡತಿ ಊಟ ತಂದಳು. ಬಂದವಳು ಕಣ್ಣಿಗೆ ಇನ್ನೆರಡು ಹನಿ ಹಾಕಿದಳು. "ಬೆಳಿಗ್ಗೆಯಿಂದ ಯಾರಾದ್ರೂ ಬಂದಿದ್ರಾ ಅತ್ತಿಗೆ?" ಎಂದು ಕೇಳಿದಳು. ಯಾರೂ ಇಲ್ಲ ಕಣೇ ಎಂದದ್ದಕ್ಕೆ ಹಣೆ ಸವರಿ, "ಒಳ್ಳೇದೇ ಆಯ್ತು, ವಿಶ್ರಾಂತಿ ಸಿಕ್ತು," ಎಂದಳು.

ಇಂದು ಬೆಳಿಗ್ಗೆಯದೂ ಈಗ ನೆನಪಾಯಿತು. ಮೇಷ್ಟ್ರ ಸುದ್ದಿ ತೆಗೆದಾಗ ತಮ್ಮನ ಹೆಂಡತಿ ಲೋಟ ಕೆಳಗಿಟ್ಟು ಕೇಳಿದ್ದಳು: "ಅವರು ಮತ್ತೆ ಮಾತಾಡ್ತಾರಂತಾ?" ಬದುಕುತ್ತಾರಾ ಎಂದಲ್ಲ. ಮಾತಾಡುತ್ತಾರಾ ಎಂದು. ಹಾಗಾದರೆ ಮೇಷ್ಟ್ರ ಬಾಯಿಂದ ಹೊರಗೆ ಬರಬಾರದ ಮಾತೊಂದು ಇದೆ.

ದೀಪದ ಬುಡದಲ್ಲೇ ಕತ್ತಲೆ. ಆ ಹುಡುಗಿಯನ್ನು ನೋಡಿ, ಮೆಚ್ಚಿ, ತಮ್ಮನಿಗೆ ತಂದುಕೊಂಡವಳು ತಾನೇ. ಹನ್ನೆರಡು ವರ್ಷ ಮಗಳ ಹಾಗೆ ನೋಡಿಕೊಂಡವಳು ತಾನೇ. ಹೆಸರು ಹೇಳಿದರೆ ತಮ್ಮ ಠಾಣೆಯಿಂದ ಉಳಿಯುತ್ತಾನೆ, ಅವನ ಮನೆ ಉಳಿಯುವುದಿಲ್ಲ. ಹೇಳದಿದ್ದರೆ ಈ ಪುಸ್ತಕದಲ್ಲಿರುವುದು ತನ್ನದೇ ಹೆಸರು.

ಮೂವತ್ತು ವರ್ಷ ಅವಳು ಒಂದೇ ನಿಯಮದ ಮೇಲೆ ಕೆಲಸ ಮಾಡಿದ್ದಳು: ಎರಡನೇ ಸಲ ಅಳೆಯದೆ ಯಾವ ಮೀಟರೂ ಸುಳ್ಳು ಎನ್ನಬಾರದು. ಅನುಮಾನ ಸಾಕ್ಷಿಯಲ್ಲ. ಮೊದಲು ಅವಳನ್ನು ಎದುರಿಗೆ ಕೂರಿಸಿಕೊಂಡು ಕೇಳಬೇಕು. ಯಾಕೆ ಎಂದು ಒಂದೇ ಮಾತು ಕೇಳಬೇಕು.

"ಅಮ್ಮಾ, ಉತ್ತರ," ಎಂದ ಇನ್ಸ್‌ಪೆಕ್ಟರ್.

ಸೊಂಟದ ಚೀಲದಲ್ಲಿ ಫೋನು ಬಡಿದುಕೊಂಡಿತು. ತಮ್ಮ. ಇನ್ಸ್‌ಪೆಕ್ಟರ್ ತಲೆಯಾಡಿಸಿದ, ಎತ್ತಿ ಎಂಬಂತೆ.

"ಅಕ್ಕಾ!" ತಮ್ಮನ ದನಿ ಆಫೀಸಿಗೆಲ್ಲಾ ಕೇಳುವಷ್ಟು ಜೋರಾಗಿತ್ತು. ಎರಡು ದಿನದಲ್ಲಿ ಮೊದಲ ಸಲ ಅವನು ನಗುತ್ತಿದ್ದ. "ಮೇಷ್ಟ್ರು ಕಣ್ಣು ಬಿಟ್ರಂತೆ! ಮಗಳು ಸಿಗಲಿಲ್ಲ ಅಂತ ಆಸ್ಪತ್ರೆಯಿಂದ ಇಲ್ಲಿಗೇ ಹೇಳಿಕಳಿಸಿದ್ರು. ಮಾತು ಇನ್ನೂ ಬಂದಿಲ್ವಂತೆ. ಏನೋ ಹೇಳಬೇಕು ಅಂತ ಬಾಯಿ ಆಡಿಸ್ತಿದ್ದಾರಂತೆ."

"ನೀನೆಲ್ಲಿದ್ದೀಯೋ?"

"ಮನೇಲಿ. ನಾಲ್ಕು ಗಂಟೆವರೆಗೆ ನಾನು ಎಲ್ಲೂ ಹೋಗೋ ಹಾಗಿಲ್ವಲ್ಲ. ಇವಳೇ ಓಡಿದ್ಲು. ಅಲ್ಲಿ ಅವರ ಹತ್ರ ಯಾರೂ ಇಲ್ಲ ಪಾಪ, ಮಗಳು ವ್ಯಾನಿನ ಹತ್ರ ಇದ್ದಾಳೆ ಅಂತ, ಫ್ಲಾಸ್ಕಿನಲ್ಲಿ ಹಾಲು ತುಂಬ್ಕೊಂಡು ಹೋದ್ಲು. ನನಗಿಂತ ಅವಳಿಗೇ ಆತುರ."

"ಹೋಗಿ ಎಷ್ಟು ಹೊತ್ತಾಯ್ತು?"

"ಹತ್ತು ನಿಮಿಷ. ಯಾಕಕ್ಕ?"

ತಮ್ಮನ ಮನೆಯಿಂದ ಆಸ್ಪತ್ರೆಗೆ ಕಾಲುದಾರಿಯಲ್ಲಿ ಕಾಲು ಗಂಟೆ. ಇಲ್ಲಿಂದ ಜೀಪಿನಲ್ಲಿ ಹೋದರೂ ಅಷ್ಟೇ.

ಎರಡನೇ ಸಲ ಅಳೆಯುವುದಕ್ಕೆ ಹೊತ್ತಿರಲಿಲ್ಲ. ಮೀಟರಮ್ಮ ಎದ್ದು ನಿಂತಳು. ಎರಡೂ ಕೈಗಳನ್ನು ಇನ್ಸ್‌ಪೆಕ್ಟರಿನ ಮುಂದೆ ಚಾಚಿದಳು.

"ನನ್ನನ್ನ ಹಿಡ್ಕೊಳ್ಳೋದಾದ್ರೆ ಜೀಪಿನಲ್ಲೇ ಹಿಡ್ಕೊಳಿ," ಎಂದಳು. "ಆದ್ರೆ ಜೀಪು ಆಸ್ಪತ್ರೆಗೆ ಹೋಗಲಿ. ಮೇಷ್ಟ್ರ ಕೋಣೆಗೆ ಫೋನ್ ಮಾಡಿಸಿ. ಯಾರೇ ಏನೇ ತಂದುಕೊಟ್ರೂ ಅವರ ಬಾಯಿಗೆ ಒಂದು ತೊಟ್ಟೂ ಹೋಗಬಾರದು."

"ಯಾರು ತಂದುಕೊಟ್ರೂ ಅಂದ್ರೆ? ಯಾರನ್ನ ತಡೀಬೇಕು, ಹೆಸರು ಹೇಳಿ," ಎಂದ ಇನ್ಸ್‌ಪೆಕ್ಟರ್.

ಅವಳ ಕೈಯಲ್ಲಿದ್ದ ಫೋನಿನಲ್ಲಿ ತಮ್ಮ ಇನ್ನೂ "ಅಕ್ಕಾ, ಅಕ್ಕಾ, ಕೇಳಿಸ್ತಿದೆಯಾ?" ಎನ್ನುತ್ತಿದ್ದ.

ಅವನು ಕೇಳಿಸಿಕೊಳ್ಳುತ್ತಾನೆಂದು ಗೊತ್ತಿದ್ದೇ, ಮೀಟರಮ್ಮ ಬಾಯಿ ತೆರೆದಳು.